ನಲವತ್ತೊಂದು ಹೂಂ

ಯಾರೂ ಬರೆದಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಬರೆದಿದ್ದರು. ನಲವತ್ತೊಂದು ಪತ್ರ ಬಂದಿದ್ದವು— ನನ್ನ ನೆಗೆಣ್ಣಿ ನೀಲಕ್ಕನಿಗೆ, ನನ್ನ ಯಜಮಾನರ ಅಣ್ಣನ ಹೆಂಡತಿಗೆ. ಓದಿದ್ದು ನಾನೊಬ್ಬಳೇ. ಹದಿನೇಳು ವರ್ಷ ಒಂದೇ ಮನೆಯಲ್ಲಿ, ಒಂದೇ ಅಡುಗೆಮನೆಯಲ್ಲಿ, ಒಬ್ಬರ ಬೆನ್ನಿಗೆ ಒಬ್ಬರ ಸೆರಗು ತಾಗುವಷ್ಟು ಹತ್ತಿರ ಇದ್ದು— ಹೇಳಲಿಲ್ಲ.

ಇದನ್ನು ಬರೆಯಲು ಕೂತಾಗ ಮೊದಲ ಹಾಳೆಯ ತುಂಬ ಕಾರಣಗಳನ್ನೇ ಬರೆದಿದ್ದೆ. ಅದನ್ನು ಹರಿದು ಒಲೆಗೆ ಹಾಕಿದೆ. ಏನು ನಡೆಯಿತೋ ಅಷ್ಟನ್ನು ಹೇಳುತ್ತೇನೆ.

ನಾನು ಹುಬ್ಬಳ್ಳಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರುಗಳು ಬೆನ್ನು ನೆಟ್ಟಗೆ ಮಾಡಿ ನಿಂತು, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುವಂತೆ ಮಾತಾಡಲು ಕಲಿಸಿದ್ದರು. ಭಾಷಣದಲ್ಲಿ ಗೆದ್ದ ಸಣ್ಣ ಕಪ್ಪೊಂದು ನನ್ನ ಜೊತೆ ನವಲಗುಂದಕ್ಕೆ, ಈ ಮನೆಗೆ ಬಂತು. ಅದರಲ್ಲಿ ಈಗ ಸೇಫ್ಟಿ ಪಿನ್ನುಗಳಿವೆ. ಮದುವೆಯಾದ ಮೇಲೆ ಆ ದನಿಯಿಂದ ಯಾರಿಗೂ ಕೆಲಸವಿರಲಿಲ್ಲ.

ಬೀಜದ ಅಂಗಡಿಗೆಂದು ತಂದ ಕಂಪ್ಯೂಟರು ಅಲ್ಲಿಯ ಧೂಳಿಗೆ ತಡೆಯದೆ ಮನೆಗೆ ಬಂದಾಗ, ಅದರಲ್ಲಿ ಒಂದು ದಿನ ಪಾಡ್‌ಕಾಸ್ಟ್ ಎಂಬುದರ ಬಗ್ಗೆ ಓದಿದೆ. ಆಗ ಆ ಪದ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾವುದೋ ದೇಶದಲ್ಲಿ ಜನ ತಮ್ಮ ಅಡುಗೆಮನೆಯಲ್ಲಿ ಕೂತು ಮಾತಾಡಿ, ಅದನ್ನು ಇಂಟರ್ನೆಟ್ಟಿಗೆ ಹಾಕುತ್ತಿದ್ದರಂತೆ. ರೇಡಿಯೋ ಸ್ಟೇಷನ್ ಬೇಡ, ಯಾರ ಅಪ್ಪಣೆಯೂ ಬೇಡ, ನಿನ್ನ ದನಿ ಆಯ್ಕೆಯಾಗಿಲ್ಲ ಎಂದು ಹೇಳುವವರಿಲ್ಲ. ಫೀಡ್ ಎಂದು ಒಂದಿರುತ್ತಿತ್ತು— ನಮ್ಮ ಕಡೆ ದಿನವೂ ಮನೆಗೆ ಬರುವ ರತೀಬಿನ ಹಾಲಿನ ಹಾಗೆ. ಕೇಳುವವರು ಒಮ್ಮೆ ಗೊತ್ತು ಮಾಡಿಟ್ಟರೆ ಸಾಕು, ನಾವು ಹೊಸದು ಹಾಕಿದಾಗಲೆಲ್ಲ ತಾನಾಗಿಯೇ ಅವರ ಮನೆ ಬಾಗಿಲಿಗೆ ಹೋಗಿ ಇಳಿಯುತ್ತಿತ್ತು. ಆ ಫೀಡನ್ನು ನಾನು ಕೈಯಿಂದಲೇ ಟೈಪು ಮಾಡುತ್ತಿದ್ದೆ. ಒಂದು ಚಿಹ್ನೆ ತಪ್ಪಿದರೂ ಎಲ್ಲ ನಿಂತುಬಿಡುತ್ತಿತ್ತು. ಹತ್ತು ನಿಮಿಷದ ಮಾತು ಫೋನಿನ ತಂತಿಯಲ್ಲಿ ಮೇಲೇರಲು ಒಂದು ಮಧ್ಯಾಹ್ನ ಪೂರ್ತಿ ಬೇಕಾಗುತ್ತಿತ್ತು. ಮನೆಗೆ ಫೋನು ಹಚ್ಚಿದರೆ ಹತ್ತುವುದೇ ಇಲ್ಲ ಎಂದು ಯಜಮಾನರು ಅಂಗಡಿಯಿಂದ ನಡೆದು ಬಂದು ಗೊಣಗಿ ಹೋಗುತ್ತಿದ್ದರು.

ಮೊದಲ ಒಂಬತ್ತು ಕಂತು ನನ್ನದೇ ದನಿ. ಮನೆ, ಮಕ್ಕಳು, ಓದಿದ ಪುಸ್ತಕ. ಎಷ್ಟು ಜನ ಕೇಳಿದರು ಎಂದು ತೋರಿಸುವ ಒಂದು ಅಂಕಿ ಇರುತ್ತಿತ್ತು. ಅದು ಮೂರು ಎನ್ನುತ್ತಿತ್ತು. ಅದರಲ್ಲಿ ಎರಡು ಸಲ ನಾನೇ ಕೇಳಿ ನೋಡಿದ್ದು.

ನೀಲಕ್ಕ ಯರಗುಪ್ಪಿಯ ಮಗಳು. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು. ಮಧ್ಯಾಹ್ನ ಅಕ್ಕಿ ಹಸನು ಮಾಡುತ್ತ ಮನೆಯ ಹುಡುಗರಿಗೆ ಕತೆ ಹೇಳುತ್ತಿದ್ದಳು— ಮೊರ ಕೇರುವ ಸದ್ದಿಗೆ ತಕ್ಕ ಹಾಗೆ ಕತೆಯೂ ಏರುತ್ತಿತ್ತು, ಇಳಿಯುತ್ತಿತ್ತು. ಹತ್ತನೆಯ ಕಂತಿಗೆ ನನ್ನ ಹತ್ತಿರ ಹೇಳಲು ಏನೂ ಉಳಿದಿರಲಿಲ್ಲ. ಅವಳನ್ನು ಕರೆದೆ.

ಕಾಳಿನ ಚೀಲಗಳಿದ್ದ ಕೋಣೆಯಲ್ಲಿ ದನಿ ಗುಂಯ್ ಎನ್ನುತ್ತದೆಂದು ಗೋಡೆಗೆ ಎರಡು ಜಮಖಾನೆ ಕಟ್ಟಿದ್ದೆ. ಎದುರಿಗಿನ ಹಿಟ್ಟಿನ ಗಿರಣಿಯ ಸದ್ದು ಮಾತ್ರ ಯಾವ ಜಮಖಾನೆಗೂ ಜಗ್ಗುತ್ತಿರಲಿಲ್ಲ. ಹಾಗಾಗಿ ಕರೆಂಟು ಹೋಗಿ ಗಿರಣಿ ನಿಂತಾಗಲೇ, ಬ್ಯಾಟರಿಯ ಪುಟ್ಟ ರೆಕಾರ್ಡರಿನಲ್ಲಿ ನಮ್ಮ ಕೆಲಸ. ಮೈಕಿಗೆ ಕಪ್ಪು ಸ್ಪಂಜಿನ ಟೊಪ್ಪಿಗೆಯಿತ್ತು. ನೀಲಕ್ಕ ಅದನ್ನು ಅತ್ತ ಇತ್ತ ತಿರುಗಿಸಿ ನೋಡಿದಳು.

“ಈ ಬದನಿಕಾಯಿ ಮುಂದ ಕತಿ ಹೇಳಬೇಕೇನ ಶೈಲಾ? ಎಣ್ಣಿಗಾಯಿ ಮಾಡಿದ್ರ ಚೊಲೊ ಇತ್ತು.”

ನಾನು ನಕ್ಕೆ. ಅವಳು ಮಾತ್ರ ಶುರು ಮಾಡಲಿಲ್ಲ. ಎರಡು ಸಲ ಬಾಯಿ ತೆರೆದು, ಎರಡು ಸಲವೂ ನಿಂತಳು. ಹೂಂ ಅನ್ನುವವರು ಬೇಕು ಎಂದಳು. ಕತೆ ಕೇಳುವವರು ಮಾತು ಮಾತಿಗೆ ಹೂಂ ಅನ್ನಬೇಕು, ಇಲ್ಲದಿದ್ದರೆ ಕತೆ ಮುಂದೆ ಹೋಗುವುದಿಲ್ಲ— ಇದು ನಮ್ಮ ಕಡೆಯ ರೂಢಿ. ನಾನು ಎದುರಿಗೆ ಕೂತು ಹೂಂ ಅಂದೆ. ಅವಳ ಕೈಯಲ್ಲಿ ಮೊರ ಆಡತೊಡಗಿತು, ಕತೆ ಹೊರಟಿತು.

ಆ ಕಂತು ಹಾಕಿ ನಾಲ್ಕು ದಿನಕ್ಕೆ ಮೊದಲ ಪತ್ರ ಬಂತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಆಗ ಈಮೇಲಿನಲ್ಲಿ ಹೆಚ್ಚಿನವರು ಹಾಗೆಯೇ ಬರೆಯುತ್ತಿದ್ದರು. ಈ ಮನೆಯಲ್ಲಿ ಅದನ್ನು ಓದಬಲ್ಲ ಹೆಂಗಸು ನಾನೊಬ್ಬಳೇ. ನಿಮ್ಮ ಕತಿ ಕೇಳಿ ನಮ್ಮ ಅವ್ವ ಎದ್ದು ಬಂದಂಗಾತು ಅಕ್ಕಾ, ಎಂದು ಬರೆದಿದ್ದರು. ಆಮೇಲೆ ಇನ್ನೊಂದು, ಮತ್ತೆರಡು. ಗುಡಗೇರಿಯವರೊಬ್ಬರು ಹಡಗಿನಲ್ಲಿ ಅಡುಗೆಯ ಕೆಲಸದಲ್ಲಿದ್ದರು. ಬಂದರಿನಲ್ಲಿ ಕತೆಗಳನ್ನು ಇಳಿಸಿಕೊಂಡು, ಕಡಲಿನಲ್ಲಿ ತಿಂಗಳುಗಟ್ಟಲೆ ಅವನ್ನೇ ಮತ್ತೆ ಮತ್ತೆ ಕೇಳುತ್ತೇನೆ ಎಂದು ಬರೆದರು. ಎಲ್ಲ ಪತ್ರವೂ ಅಕ್ಕಾ ಎಂದೇ ಶುರು. ನನ್ನ ಪ್ರಸ್ತಾಪವಿದ್ದದ್ದು ಒಂದರಲ್ಲಿ ಮಾತ್ರ. ಮೊದಲಿಗೆ ಮಾತಾಡುವ ಮೇಡಂ ಸ್ವಲ್ಪ ಕಡಿಮೆ ಮಾಡಿದರೆ ಒಳ್ಳೆಯದು, ಪುಸ್ತಕ ಓದಿದ ಹಾಗಿದೆ, ನಡುವೆ ಹೂಂ ಅನ್ನುವವರು ಸಾಕು, ಅವರು ಚೆಂದ ಅನ್ನುತ್ತಾರೆ— ಹೀಗೆ.

ಇಬ್ಬರೂ ನಾನೇ.

ಅದು ಬಂದದ್ದು ಮೊದಲ ವಾರದಲ್ಲೇ, ಓದಿದ್ದು ಬೆಳಿಗ್ಗೆ. ಮಧ್ಯಾಹ್ನ ನೀಲಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಕಂಪ್ಯೂಟರಿನಿಂದ ಒಂದು ಮಾರು ದೂರ ನಿಂತಳು. ಒದ್ದೆ ಕೈ ತಾಗಿದರೆ ಅದು ಕೆಡುತ್ತದೆಂದು ಅವಳ ನಂಬಿಕೆ.

“ಯಾರರ ಬರದಾರೇನ ಶೈಲಾ?”

“ಇಲ್ರಿ ಅಕ್ಕಾರ. ಯಾರೂ ಬರದಿಲ್ಲ.”

ಎಷ್ಟು ಸಲೀಸಾಗಿ ಬಂತು ಆ ಮಾತು! ಒಂದು ದಿನದ ಮಟ್ಟಿಗೆ, ಆ ಒಂದು ಪತ್ರದ ಉರಿ ಆರುವವರೆಗೆ ಎಂದುಕೊಂಡಿದ್ದೆ. ಆದರೆ ಮುಂದಿನ ವಾರವೂ ಕೇಳಿದಳು. ಹೌದು ಅಕ್ಕಾರ ಎನ್ನಬೇಕಾದರೆ ಹಿಂದಿನ ವಾರದ ಇಲ್ಲವನ್ನು ಏನು ಮಾಡುವುದು— ಮತ್ತೆ ಇಲ್ಲ ಅಂದೆ. ಪತ್ರಗಳನ್ನೆಲ್ಲ ಈಮೇಲಿನೊಳಗೇ ಅಡುಗೆ ಎಂದು ಹೆಸರಿಟ್ಟ ಒಂದು ಕಡೆ ಸೇರಿಸಿಟ್ಟೆ. ಅಳಿಸಿ ಹಾಕುವ ಧೈರ್ಯವೂ ಇರಲಿಲ್ಲ. ಕತೆಗಳನ್ನು ಮಾತ್ರ ತಪ್ಪದೆ ಹಾಕುತ್ತಿದ್ದೆ. ಅವುಗಳ ಮೇಲೆ ನನ್ನ ಹೆಸರಿತ್ತು.

ಕೊನೆಯದು ಕಾಲುಂಗುರದ ಕತೆ. ಬೇಸಿಗೆಯಲ್ಲಿ ನಮ್ಮ ಎರೆಹೊಲ ಬಾಯಿ ಬಿಡುತ್ತದಲ್ಲ, ಅಂಥ ಒಂದು ಬಿರುಕಿನೊಳಗೆ ಸೊಸೆಯೊಬ್ಬಳ ಬೆಳ್ಳಿಯ ಕಾಲುಂಗುರ ಜಾರಿ ಬೀಳುತ್ತದೆ. ಉಂಗುರವಿಲ್ಲದ ಕಾಲಲ್ಲಿ ಮನೆಗೆ ಹೋಗಲಾರದೆ ಅವಳು ಅಲ್ಲಿಯೇ ಕೂತು ಅಳುತ್ತಾಳೆ. ಬಿರುಕಿನೊಳಗಿಂದ ಯಾರೋ, ಉಂಗುರ ಕೊಡುತ್ತೇನೆ, ಬದಲಿಗೆ ನಿನ್ನ ಮಾತು ಕೊಡು ಎನ್ನುತ್ತಾರೆ. ಕೊಡುತ್ತಾಳೆ. ಉಂಗುರ ಹಾಕಿಕೊಂಡು ಮನೆಗೆ ಬರುತ್ತಾಳೆ. ಹೊಸ್ತಿಲಲ್ಲಿ ಅತ್ತೆ ನಿಂತು, ಇಷ್ಟೊತ್ತು ಎಲ್ಲಿದ್ದೀ ಎಂದು ಕೇಳುತ್ತಾಳೆ. ಅಷ್ಟರಲ್ಲಿ ಕರೆಂಟು ಬಂತು. ಗಿರಣಿ ಶುರುವಾಯಿತು. ಉಳಿದದ್ದು ಮುಂದಿನ ವಾರ ಎಂದು ಎದ್ದೆವು.

ಮುಂದಿನ ವಾರ ನೀಲಕ್ಕ ಮತ್ತೆ ಅದನ್ನೇ ಕೇಳಿದಳು, ನಾನು ಅದನ್ನೇ ಹೇಳಿದೆ.

“ಹೋಗಲಿ ಬಿಡ. ಹೂಂ ಅನ್ನಾವ್ರ ಇಲ್ಲಂದ್ರ ಕತಿ ಯಾರಿಗೆ ಹೇಳೋದು? ನೀ ಮನಸಿಗೆ ಹಚ್ಕೋಬ್ಯಾಡ ಮತ್ತ. ನಿನ್ನ ಮಶೀನ ಚೊಲೊನ ಐತಿ. ನನ್ನ ಕತಿನ ಹಳೇವು.”

ನನ್ನನ್ನೇ ಸಮಾಧಾನ ಮಾಡಿ ಹೋದಳು.

ಅರ್ಧ ಕತೆಯನ್ನೇ ಹಾಕಿದೆ. ಹತ್ತು ದಿನಕ್ಕೆ ಪುಣೆಯಿಂದ ಒಂದು ಪತ್ರ. ಬರೆದವರು ನನ್ನಂಥ ಒಬ್ಬ ಸೊಸೆ. ಅವರ ಅತ್ತೆ ಅಣ್ಣಿಗೇರಿಯವರು, ಎಂಟು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಅಕ್ಕನ ಕತೆ ಹಚ್ಚಿದರೆ ಕಂಪ್ಯೂಟರಿನ ಕಡೆ ಮುಖ ಮಾಡಿ ಹೂಂ ಅನ್ನುತ್ತಾರೆ, ಆ ಸೊಸೆ ಮನೆಗೆ ಬಂದ ಮೇಲೆ ಏನಾಯಿತು ಎಂದು ದಿನವೂ ಕೇಳುತ್ತಾರೆ, ಹೆಚ್ಚು ದಿನ ಇಲ್ಲವೆಂದು ಡಾಕ್ಟರು ಹೇಳಿದ್ದಾರೆ, ದಯವಿಟ್ಟು ಬೇಗ ಹಾಕಿ— ಎಂದಿತ್ತು.

ಅದನ್ನು ಓದುವಾಗ ನೀಲಕ್ಕ ರೊಟ್ಟಿ ಬಡಿಯುತ್ತಿದ್ದಳು. ಅವಳ ಅಂಗೈಯ ಸದ್ದು ನನಗೆ ಕೇಳುತ್ತಿತ್ತು. ಎದ್ದು ಹೋದೆ. ಬಾಗಿಲಲ್ಲಿ ನಿಂತೆ. ನಿಜ ಹೇಳಲು ಹೋಗಿದ್ದೆನೋ, ಸುಳ್ಳನ್ನು ಉಳಿಸಿಕೊಂಡೇ ಕತೆ ಪಡೆಯಲು ಹೋಗಿದ್ದೆನೋ— ಬಾಯಿಯಿಂದ ಬಂದದ್ದು ಎರಡನೆಯದು.

“ಆ ಕಾಲುಂಗುರದ ಕತಿ ಮುಗಿಸೂಣೇನ್ರಿ ಅಕ್ಕಾರ?”

ಅವಳ ಕೈ ನಿಂತಿತು. “ಯಾಕ, ಯಾರರ ಕೇಳ್ಯಾರೇನ?”

ಆ ಕಣ್ಣುಗಳನ್ನು ನಾನು ಮರೆತಿಲ್ಲ. ಹುಬ್ಬಿನ ಮೇಲೆ ಒಂದಿಷ್ಟು ಜೋಳದ ಹಿಟ್ಟು ಹತ್ತಿತ್ತು. ಒಂದೇ ಒಂದು ಹೌದು ಸಾಕಾಗಿತ್ತು.

“ಯಾರೂ ಇಲ್ರಿ. ಹಂಗ ಸುಮ್ನ.”

“ಹಂಗಾರ ಬಿಡ,” ಎಂದು ಮತ್ತೆ ಬಡಿಯತೊಡಗಿದಳು.

ಮೂರು ವಾರದ ನಂತರ ಪುಣೆಯಿಂದ ಇನ್ನೊಂದು ಪತ್ರ ಬಂತು. ಎರಡೇ ಸಾಲು. ಅತ್ತೆ ಹೋದರು, ಇನ್ನು ಅವಸರವಿಲ್ಲ, ಅಕ್ಕನಿಗೆ ನಮ್ಮ ನಮಸ್ಕಾರ ತಿಳಿಸಿ. ಅದು ನಲವತ್ತೊಂದನೆಯದು.

ನಮಸ್ಕಾರವನ್ನೂ ತಿಳಿಸಲಿಲ್ಲ.

ಆಮೇಲೆ ನೀಲಕ್ಕ ಮನೆಯ ಹುಡುಗರಿಗೂ ಕತೆ ಹೇಳುವುದನ್ನು ಬಿಟ್ಟಳು. ಕೇಳಿದರೆ ಟಿ.ವಿ. ನೋಡ್ರಿ ಹೋಗ್ರಿ ಎನ್ನುತ್ತಿದ್ದಳು. ನಾನೂ ಕಂತು ಹಾಕುವುದನ್ನು ನಿಲ್ಲಿಸಿದೆ. ಕಂಪ್ಯೂಟರು ಹಳೇ ಸಾಮಾನಿನವನ ಗಾಡಿ ಏರಿತು. ಕೆಲವು ವರ್ಷಗಳ ನಂತರ, ಕತೆಗಳನ್ನು ಇಟ್ಟಿದ್ದ ಆ ಬಿಟ್ಟಿ ಜಾಲತಾಣದಿಂದ ಸೂಚನೆ ಬಂತು— ಮುಚ್ಚುತ್ತಿದ್ದೇವೆ, ನಿಮ್ಮ ಧ್ವನಿಗಳನ್ನು ತಿಂಗಳೊಳಗೆ ಇಳಿಸಿಕೊಳ್ಳಿ. ಓದಿದೆ. ನಾಳೆ ಮಾಡೋಣ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಹೋದರೆ ಹೋಗಲಿ ಎಂದು ಒಳಗೆ ಎಲ್ಲೋ… ಹೋದವು. ನೀಲಕ್ಕನ ಹನ್ನೊಂದು ಕತೆ, ನನ್ನ ಹೂಂ, ಮೊರದ ಸದ್ದು, ಎಲ್ಲ ಹೋದವು.

ಈಗ ಪಾಡ್‌ಕಾಸ್ಟ್ ಎಂದರೆ ಯಾರೂ ಏನದು ಎಂದು ಕೇಳುವುದಿಲ್ಲ. ಎರಡು ಮೆತ್ತನೆಯ ಕುರ್ಚಿ, ಮುಖದಷ್ಟು ದೊಡ್ಡ ಮೈಕು, ಜೊತೆಗೆ ವಿಡಿಯೋ. ಕಳೆದ ತಿಂಗಳು ನೀಲಕ್ಕನ ಮೊಮ್ಮಗಳು ಕಾವ್ಯಾ, ಕಾಲೇಜಿಗೆ ಹೋಗುವವಳು, ತನ್ನ ಮೊಬೈಲನ್ನೇ ಅಜ್ಜಿಯ ಮುಂದೆ ಇಟ್ಟು ಒಂದು ಕತೆ ಹೇಳಲು ಕೇಳಿದಳು. ನಾನು ಪಕ್ಕದಲ್ಲೇ ಮೆಂತೆ ಸೋಸುತ್ತಿದ್ದೆ.

“ನನ್ನ ಕತಿ ಯಾರೂ ಕೇಳಂಗಿಲ್ಲವಾ,” ಎಂದಳು ನೀಲಕ್ಕ. “ನಿಮ್ಮ ಸಣ್ಣಜ್ಜಿ ಆಗಿನ ಕಾಲಕ್ಕನ ಜಗತ್ತಿಗೆಲ್ಲಾ ಹಾಕಿ ನೋಡ್ಯಾಳ. ಒಬ್ಬರೂ ಹೂಂ ಅನಲಿಲ್ಲ.”

ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ತನಗೆ ಸಕ್ಕರೆ ಕಾಯಿಲೆ ಇದೆ ಎಂದು ಹೇಳುವ ಹಾಗೆ ಹೇಳಿದಳು. ಹದಿನೇಳು ವರ್ಷ ಅವಳು ಅದನ್ನು ತನ್ನ ಬಗೆಗಿನ ನಿಜವೆಂದೇ ನಂಬಿದ್ದಳು. ಕಾವ್ಯಾ ನನ್ನ ಮುಖ ನೋಡಿದಳು. ನನ್ನ ಕೈ ಎಲೆಯನ್ನು ಕಸಕ್ಕೆ, ಕಡ್ಡಿಯನ್ನು ಬುಟ್ಟಿಗೆ ಹಾಕುತ್ತಿತ್ತು.

ಮರುದಿನ ಬಸ್‌ಸ್ಟ್ಯಾಂಡಿನ ಬಾಜು ಇರುವ ಝೆರಾಕ್ಸ್ ಅಂಗಡಿಗೆ ಹೋಗಿ, ನನ್ನ ಹಳೆಯ ಈಮೇಲು ತೆರೆದು ನಲವತ್ತೊಂದನ್ನೂ ಕಾಗದದ ಮೇಲೆ ತೆಗೆಸಿದೆ. ಮಧ್ಯಾಹ್ನ ನೀಲಕ್ಕ ಮೊರ ಹಿಡಿದು ಕೂತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಹೊಟ್ಟೆಕಿಚ್ಚು ಎಂಬ ಪದವನ್ನೂ ಹೇಳಿದೆ. ಅವಳ ಬೆರಳುಗಳು ಅಕ್ಕಿಯಲ್ಲಿ ಆಡುತ್ತಲೇ ಇದ್ದವು. ಕಲ್ಲು ಒಂದೂ ಆರಿಸಲಿಲ್ಲ, ಸುಮ್ಮನೆ ಆಡುತ್ತಿದ್ದವು. ಪುಣೆಯ ಎರಡು ಪತ್ರ ಓದಿದೆ.

“ಆ ಅಣ್ಣಿಗೇರಿ ಅವ್ವನ ಕಾಗದ ಇನ್ನೊಮ್ಮೆ ಓದು.”

ಓದಿದೆ. ಹೊರಗೆ ಗಿರಣಿ ನಡೆದಿತ್ತು. ಅವಳು ನನ್ನ ಕಡೆ ನೋಡದೆ ಹೇಳಿದಳು.

“ಆಕಿ ಉಂಗರ ಹಾಕ್ಕೊಂಡು ಮನೀಗೆ ಬಂದ್ಲು. ಅಲ್ಲೀತನಾ ನೆನಪೈತಿ. ಕಡೀಕ ಏನಾತಂತ ನನಗೂ ನೆನಪಿಲ್ಲ ಶೈಲಾ.”

ಬೈಯಲಿಲ್ಲ. ಬೈದಿದ್ದರೆ— ಇಲ್ಲ, ಅದನ್ನು ಬಯಸುವುದೂ ನನಗೆ ನಾನೇ ಮಾಡಿಕೊಳ್ಳುವ ಉಪಕಾರ.

ಈಗ ಮಧ್ಯಾಹ್ನಕ್ಕೊಂದು ಪತ್ರದಂತೆ ಓದುತ್ತೇನೆ. ಯಾವ ಕತೆಯನ್ನು ಕೇಳಿ ಅವರು ಹೀಗೆ ಬರೆದರೋ ಆ ಕತೆ ಇಲ್ಲ. ಅವರು ಅಂದ ಹೂಂ ಮಾತ್ರ ಕಾಗದದಲ್ಲಿದೆ. ನೀಲಕ್ಕ ಎದ್ದು ಹೋಗುವುದಿಲ್ಲ, ಓದು ಎನ್ನುವುದೂ ಇಲ್ಲ. ಪ್ರತಿ ಪತ್ರ ಮುಗಿದಾಗ ನಾನು ಒಂದು ಕ್ಷಣ ನಿಲ್ಲುತ್ತೇನೆ— ಕತೆ ಹೇಳುವವರು ನಿಲ್ಲುವ ಹಾಗೆ. ಅವಳು ಹೂಂ ಅನ್ನುವುದಿಲ್ಲ. ಅನ್ನಿರಿ ಎಂದು ಕೇಳುವ ಬಾಯಿ ನನಗಿಲ್ಲ.

ಹದಿನೈದು ಆಗಿವೆ. ಇನ್ನೂ ಇಪ್ಪತ್ತಾರು ಇವೆ. ಓದುತ್ತೇನೆ.