ಕೊನೆಯ ತಂಬಿಗೆ ನೀರು

ದಾವಣಗೆರೆಯ ಎಸ್.ಎಸ್. ಬಡಾವಣೆಯ ನಮ್ಮ ಬೀದಿಯಲ್ಲಿ ಹಸುಗೂಸುಗಳಿಗೆ ಎಣ್ಣೆ ಹಚ್ಚಿ ಎರೆಯುವವಳು ಒಬ್ಬ ರಷ್ಯಾದ ಹೆಂಗಸು ಎಂದರೆ ಹೊರಗಿನವರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನನ್ನ ಎರಡೂ ಮಕ್ಕಳು ಅವಳ ಕಾಲ ಮೇಲೆ ಮಲಗಿ, ಬಿಸಿನೀರು ಹೊಯ್ಯಿಸಿಕೊಂಡು, ಬೀದಿಗೆಲ್ಲ ಕೇಳುವಂತೆ ಅತ್ತು, ಆಮೇಲೆ ಮಧ್ಯಾಹ್ನದವರೆಗೆ ಸದ್ದಿಲ್ಲದೆ ನಿದ್ದೆ ಹೊಡೆದಿವೆ. ನನಗೆ ಅಷ್ಟು ಸಾಕ್ಷಿ ಸಾಕು.

ಅವಳ ಹೆಸರು ತಮಾರಾ. ಗಂಡ ಅತೀಕ್ ಹರಿಹರದವರು. ಎಂಜಿನಿಯರಿಂಗ್ ಓದಲು ರಷ್ಯಾಕ್ಕೆ ಹೋದವರು ಬರುವಾಗ ಇವಳನ್ನು ಮದುವೆಯಾಗಿ ಕರೆದುಕೊಂಡು ಬಂದರು. ಈಗ ಮಂಡಿಪೇಟೆಯಲ್ಲಿ ಅವರದು ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ಅತೀಕರ ತಾಯಿ ಹಜೀರಾಬೀ ಹರಿಹರದ ತಮ್ಮ ಕೇರಿಯ ಕೂಸುಗಳಿಗೆಲ್ಲ ಎರೆಯುತ್ತಿದ್ದ ಹೆಂಗಸು. ಉರ್ದುವೂ ಬಾರದ, ಕನ್ನಡವೂ ಬಾರದ ಸೊಸೆಗೆ ಏನು ಕಲಿಸುವುದು? ಬಚ್ಚಲಲ್ಲಿ ಮಣೆ ಹಾಕಿ, ಕಾಲು ಚಾಚಿ ಕೂರಿಸಿ, ಕೂಸನ್ನು ಹೇಗೆ ಬೋರಲು ಮಲಗಿಸಬೇಕು, ಮೂಗಿಗೆ ನೀರು ಹೋಗದಂತೆ ಅಂಗೈಯನ್ನು ಹಣೆಗೆ ಹೇಗೆ ಅಡ್ಡ ಹಿಡಿಯಬೇಕು ಎಂದು ಕಲಿಸಿದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅನ್ನುತ್ತಾರಲ್ಲ, ತಮಾರಾ ನೀರಿಗೆ ಬಂದದ್ದು ಹೀಗೆ.

ಅತೀಕರ ಸಂಸಾರ ದಾವಣಗೆರೆಗೆ ಬಂದು ನಮ್ಮ ಎದುರು ಮನೆ ಹಿಡಿದಾಗ, ನಮ್ಮ ಮನೆಯ ಮಾಲೀಕರಾದ ರೇವತಿಗೆ ಎರಡನೆಯ ಮಗಳು ಹುಟ್ಟಿದ್ದಳು. ನಾನು ಆಗಿನಿಂದಲೂ ಅವರ ಮೇಲಿನ ಮನೆಯಲ್ಲಿ ಬಾಡಿಗೆಗೆ ಇರುವವಳು. ಕೆಳಗೆ ಪಾತ್ರೆ ಬಿದ್ದರೂ ಇಳಿದು ನೋಡುವ ಚಾಳಿಯವಳು. ಎರೆಯುತ್ತಿದ್ದ ಮುದುಕಿ ಕೈಕೊಟ್ಟಿದ್ದಳು. ರೇವತಿಯ ಅತ್ತೆ ಕೊಟ್ರವ್ವನಿಗೆ ಸೊಂಟ ಹಿಡಿದಿತ್ತು. ಎದುರು ಮನೆಯ ಬಿಳಿ ಹೆಂಗಸು ಬಂದು, "ನಾನು ಎರೀಲಾ?" ಎಂದು ಕೇಳಿದಾಗ ಕೊಟ್ರವ್ವ ಒಳಗೆ ಬಂದು ಪಿಸುಗುಟ್ಟಿದಳು: "ಸಾಬರ ಮನಿಯಾಕಿ, ಅದರಾಗ ಫಾರಿನ್ನು. ಕೂಸು ಯಾರ ಪಾಲು?" ಕೂಸು ಅಂದು ಎರೆಸಿಕೊಂಡು ಸಂಜೆಯವರೆಗೆ ಮಲಗಿತು. ಮರುದಿನ ಕೊಟ್ರವ್ವನೇ ಹಂಡೆಗೆ ಬೆಂಕಿ ಹಾಕಿ ಬಾಗಿಲಲ್ಲಿ ಕಾಯುತ್ತಿದ್ದಳು. ಆ ಕೂಸೇ ರಶ್ಮಿತಾ. ತಮಾರಾಳ ಕೈಗುಣ ಒಳ್ಳೆಯದು ಎಂಬ ಮಾತು ಬಡಾವಣೆಗೆಲ್ಲ ಹಬ್ಬಿದ್ದು ಅವಳಿಂದ.

ಎರೆದು ಮುಗಿಸುವಾಗ ಕೊನೆಯ ತಂಬಿಗೆ ನೀರನ್ನು ಕೂಸಿನ ಮೇಲೆ ಮೂರು ಸಲ ನಿವಾಳಿಸಿ, ಬೆನ್ನಿಗೆ ಸುರಿಯುವುದು ನಮ್ಮ ಕಡೆಯ ರೂಢಿ. ಸುರಿಯುವಾಗ ಬಾಯಲ್ಲಿ ಒಂದು ಒಳ್ಳೆಯ ಮಾತು ಬರಬೇಕು. ಆ ತಂಬಿಗೆ ಬೀಳದೆ ಕೂಸನ್ನು ಕಾಲ ಮೇಲಿಂದ ಎತ್ತುವ ಹಾಗಿಲ್ಲ. ತಮಾರಾ ಆಗ "ಗೂಸ್ಯಾ ವದಾ" ಎನ್ನುತ್ತಿದ್ದಳು. ಹಿಂದೂ ಮನೆಯವರು ಅದು ಸಾಬರ ದುವಾ ಎಂದುಕೊಂಡರು. ಮುಸ್ಲಿಂ ಮನೆಯವರು ಅದು ಕನ್ನಡದ ಅಜ್ಜಿಯರ ಮಾತು ಎಂದುಕೊಂಡರು. ಇಬ್ಬರೂ ಇನ್ನೊಬ್ಬರದು ಎಂದು ಮರ್ಯಾದೆ ಕೊಟ್ಟು ಸುಮ್ಮನಿದ್ದರು. ವರ್ಷ ಕಳೆದಂತೆ ಅವಳು ಬಾರದ ದಿನ ಎರೆಯುವವರೂ ಅದನ್ನೇ ಅನ್ನತೊಡಗಿದರು. ನಾನೂ ಅಂದಿದ್ದೇನೆ. ಕಂಡದ್ದನ್ನೆಲ್ಲ ಕೆದಕುವ ನಾನೇ ಅದರ ಅರ್ಥ ಕೇಳಲಿಲ್ಲ. ದುವಾಕ್ಕೆ ಯಾರಾದರೂ ಅರ್ಥ ಕೇಳುತ್ತಾರೆಯೇ?

ರಶ್ಮಿತಾ ದೊಡ್ಡವಳಾಗಿ ಡಾಕ್ಟರಿಕೆ ಓದಲು ಉಕ್ರೇನಿನ ಖಾರ್ಕಿವ್‌ಗೆ ಹೋದಳು. ಅವಳು ಅಲ್ಲಿರುವಾಗಲೇ ಯುದ್ಧ ಶುರುವಾಯಿತು. ಆ ಹೊತ್ತಿಗೆ ರೇವತಿಯ ಹಿರಿಮಗಳು ಬಾಣಂತನಕ್ಕೆ ಬಂದಿದ್ದಳು. ಅವಳ ಗಂಡುಕೂಸಿಗೆ ತಮಾರಾ ದಿನಾ ಬೆಳಿಗ್ಗೆ ಬಂದು ಎರೆಯುತ್ತಿದ್ದಳು. ಟಿವಿಯಲ್ಲಿ ಬೆಂಕಿ ಹೊತ್ತಿದ ಕಟ್ಟಡಗಳು ಕಂಡವು. ನೆಲದಡಿಯ ಮೆಟ್ರೋ ಸ್ಟೇಷನ್ನಿನಿಂದ ರಶ್ಮಿತಾಳ ಫೋನು ಬರುತ್ತಿತ್ತು, ಕಟ್ ಆಗುತ್ತಿತ್ತು. ಯುದ್ಧ ಶುರುವಾದ ಮರುದಿನ ಬೆಳಿಗ್ಗೆ ತಮಾರಾ ಎಂದಿನಂತೆ ಬಂದಾಗ ರೇವತಿ ಗೇಟಿಗೆ ಅಡ್ಡ ನಿಂತಳು.

"ಇನ್ ಮ್ಯಾಲೆ ಬರಬ್ಯಾಡ್ರಿ ತಮಾರಕ್ಕ."

"ಯಾಕ ರೇವತಿ?"

"ನಿಮ್ಮೋರು ನನ್ನ ಮಗಳ ತಲಿ ಮ್ಯಾಲೆ ಬಾಂಬ್ ಹಾಕ್ತಾ ಅದಾರೆ. ನೀವು ನನ್ನ ಮೊಮ್ಮಗಂಗೆ ಎರಿಯೋದನ್ನ ನಾ ಹೆಂಗೆ ನಿಂತು ನೋಡ್ಲಿ?"

ತಮಾರಾ ತಿರುಗಿ ಹೋದಳು. ರೇವತಿಯ ಹೊಟ್ಟೆಯಲ್ಲಿದ್ದ ಬೆಂಕಿ ಸುಳ್ಳಲ್ಲ. ಅನ್ನ ನೀರು ಬಿಟ್ಟು ಫೋನು ಹಿಡಿದು ಕೂತಿದ್ದವಳು ಅವಳು. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತಲ್ಲ ಎಂದು ನನಗೆ ಸಿಟ್ಟು ಬಂತು. ಹಿಂದಿನ ಬೀದಿಯ ಬಾಣಂತಿಯ ಮನೆಯವರು "ಇವತ್ತು ನೀರು ಕಾಸಿಲ್ಲ" ಎಂದರು, ಮರುದಿನವೂ ಅದನ್ನೇ ಅಂದರು. ಅವಳ ಕೈಗುಣವನ್ನು ಹೊಗಳುತ್ತಿದ್ದ ಬಾಯಿಗಳೇ ಈಗ ಅದನ್ನು ಅನುಮಾನಿಸಿದವು. ಸೊಪ್ಪಿನವನು ಕೂಡ ಕಟ್ಟು ಕೊಡುತ್ತಾ, "ನಿಮ್ಮೋರಿಗೆ ಸ್ವಲ್ಪ ಹೇಳ್ರಿ ಮೇಡಂ" ಎಂದ. ಮಾಸ್ಕೋದವರು ಇವಳು ಫೋನ್ ಮಾಡಲಿ ಎಂದೇ ಕಾಯುತ್ತಾ ಕೂತಿದ್ದರೇನೋ. ತಮಾಷೆ ಏನೆಂದರೆ, ಚಹಾದಂಗಡಿಯ ಮುಂದೆ ಇದೇ ಬೀದಿಯ ಗಂಡಸರು ರಷ್ಯಾ ನಮ್ಮ ಹಳೇ ದೋಸ್ತ್ ಎಂದು ವಾದಿಸುತ್ತಿದ್ದರು. ದೇಶ ದೋಸ್ತಂತೆ, ಆ ದೇಶದಿಂದ ಬಂದ ಎದುರು ಮನೆಯಾಕೆ ಮಾತ್ರ ಬ್ಯಾಡವಂತೆ.

ತಡೆಯಲಾರದೆ ಒಂದು ಮಧ್ಯಾಹ್ನ ಅವಳ ಮನೆಗೆ ಹೋದೆ. ಹಜೀರಾಬೀ ಮಂಚದ ಮೇಲೆ ಎಲೆ ಅಡಿಕೆ ಕುಟ್ಟುತ್ತಾ ಗೊಣಗುತ್ತಿದ್ದರು.

"ಬರ್ರಿ, ಕೂಡ್ರಿ. ನಾ ಎರೆದ ಕೂಸುಗಳಾಗ ಪೊಲೀಸನೂ ಅದಾನೆ, ಪಿಕ್‌ಪಾಕೆಟ್ಟೂ ಅದಾನೆ. ನನ್ನ ಕೈ ಏನು ಮಾಡ್ತತಿ ಹೇಳ್ರಿ? ಇಕಿ ಕೈ ಏನು ಮಾಡ್ತತಿ?"

ನಾನು ತಮಾರಾಳನ್ನು ಕೇಳಿದೆ: "ಅಲ್ಲಿ ನಿಮ್ಮೋರು ಯಾರಾದ್ರು ಅದಾರೇನ್ರಿ?"

"ನಮ್ಮಕ್ಕ. ಅಕಿನ್ನ ಖಾರ್ಕಿವ್‌ಗೇ ಕೊಟ್ಟಿರೋದು. ನಮ್ಮೂರು ರಷ್ಯಾದಾಗ, ಅದು ಉಕ್ರೇನ್‌ದಾಗ. ಆದ್ರೆ ಇಲ್ಲಿಂದ ದುರ್ಗಕ್ಕೆ ಹೋಗಿ ಬಂದಂಗೆ ಹೋಗಿ ಬರ್ತಿದ್ವಿ." ಹರಿಹರದ ಕನ್ನಡ ಅವಳದು, ಅತ್ತೆ ಕಲಿಸಿದ್ದು. "ಮೊನ್ನೆ ಫೋನ್ ಮಾಡಿದೆ. 'ನಿಮ್ಮೋರು ಹಿಂಗೆ ಮಾಡಿದ್ರು' ಅಂದ್ಲು, ಇಟ್ಟು ಬಿಟ್ಲು. ಇಲ್ಲಿ ರೇವತಿನೂ 'ನಿಮ್ಮೋರು' ಅಂದ್ಲು. ಮತ್ತೆ ನನ್ನೋರು ಯಾರು?"

ಅವಳು ಎಣ್ಣೆ ಬಟ್ಟಲನ್ನು ಸೆರಗಿನಲ್ಲಿ ಒರೆಸುತ್ತಿದ್ದಳು, ಅದು ಒಣಗಿಯೇ ಇತ್ತು. "ಹೋಗ್ಲಿ ಬಿಡ್ರಿ. ರಶ್ಮಿತಾ ನನ್ನ ಕಾಲ ಮ್ಯಾಲೆ ಬೆಳೆದ ಕೂಸು. ಅಕಿ ಹೆಂಗದಾಳೆ ಅಂತ ಕೇಳೋಕೂ ನಂಗೆ ಬಾಯಿ ಇಲ್ದಂಗೆ ಆತು," ಎಂದಳು. ಹೇಳುವಾಗ ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ವಾಪಸ್ ಬಂದು ರೇವತಿಗೆ ಎಲ್ಲವನ್ನೂ ಹೇಳಿದೆ, ಅಕ್ಕನ ವಿಷಯವನ್ನೂ. ಅವಳು ಟಿವಿಯಿಂದ ಕಣ್ಣು ಕೀಳಲಿಲ್ಲ.

ರಶ್ಮಿತಾ ನಡೆದು, ರೈಲಿನಲ್ಲಿ ನಿಂತು, ಪೋಲೆಂಡ್ ದಾಟಿ ಹೇಗೋ ಮನೆ ಸೇರಿದಳು. ಬೀದಿಗೆ ಬೀದಿಯೇ ನೆರೆಯಿತು. ಎದುರು ಮನೆಯ ಕಿಟಕಿಯ ಹಿಂದೆ ಒಂದು ಮುಖ ಇದ್ದದ್ದನ್ನು ನಾನು ನೋಡಿದೆ. "ತಮಾರಾ ಆಂಟಿ ಎಲ್ಲಿ?" ಎಂದು ಹುಡುಗಿ ಕೇಳಿದಳು. ಯಾರೋ ಅವಳ ಬಾಯಿಗೆ ಪೇಡೆ ತುರುಕಿದರು.

ಮರುದಿನ ಬೆಳಿಗ್ಗೆ ಕೂಸಿನ ಅಳು ಕೇಳಿ ನಾನು ಕೆಳಗಿಳಿದೆ. ಕೊಟ್ರವ್ವ ಸೊಂಟ ಹಿಡಿದುಕೊಂಡೇ ಬಚ್ಚಲಲ್ಲಿ ಮರಿಮೊಮ್ಮಗನಿಗೆ ಎರೆಯುತ್ತಿದ್ದಳು. ರೇವತಿ ಟವೆಲ್ ಹಿಡಿದು ನಿಂತಿದ್ದಳು, ರಶ್ಮಿತಾ ಬಾಗಿಲಿಗೆ ಒರಗಿದ್ದಳು. ಕೊಟ್ರವ್ವ ಕೊನೆಯ ತಂಬಿಗೆಯನ್ನು ಮೂರು ಸಲ ನಿವಾಳಿಸಿ, ಸುರಿಯಲು ಬಾಗಿಸುತ್ತಾ ಬಾಯಿ ತೆರೆದಳು.

"ಗೂಸ್ಯಾ ವ..."

"ಅಜ್ಜಿ, ನಿನಗೆ ರಷ್ಯನ್ ಬರ್ತತೇನು?" ಎಂದಳು ರಶ್ಮಿತಾ.

ತಂಬಿಗೆ ಅಲ್ಲೇ ನಿಂತಿತು. "ಏನ್ ರಷ್ಯನ್ನು? ಇದು ಸಾಬರ ದುವಾ ಅಲ್ಲೇನು?"

"ಅಲ್ಲಜ್ಜಿ. ಬಾತುಕೋಳಿ ಮೈ ಮ್ಯಾಲಿಂದ ನೀರು ಜಾರಿ ಹೋದಂಗೆ ಕೂಸಿನ ಕಾಯಿಲೆ ಜಾರಿ ಹೋಗ್ಲಿ ಅಂತ. ಮೆಟ್ರೋದಾಗ ನಮ್ಮ ಪಕ್ಕ ಒಂದು ಮುದುಕಿ ಇತ್ತು. ಬಾಟ್ಲಿ ನೀರಾಗ ಮೊಮ್ಮಗಳ ಮೈ ಒರೆಸಿ ಇದನ್ನೇ ಅಂತು. ನಂಗೆ ನಮ್ಮ ಬಚ್ಚಲೇ ನೆನಪಾತು, ಜೋರಾಗಿ ಅತ್ತೆ. ಇದರ ಅರ್ಥ ಏನು, ಯಾವ ಭಾಷೆ ಅಂತ ಕೇಳ್ದೆ. 'ರಷ್ಯನ್ನೇ. ಬಾಂಬ್ ಹಾಕೋರೂ ಇದೇ ಮಾತಾಡ್ತಾರೆ. ಹಂಗಂತ ನಮ್ಮಜ್ಜಿ ಮಾತು ನಾ ಎಲ್ಲಿ ಬಿಸಾಕ್ಲಿ?' ಅಂತು."

ಕೊಟ್ರವ್ವ ಸೊಸೆಯ ಮುಖ ನೋಡಿದಳು. ಈ ಮನೆಗೆ ರಷ್ಯಾ ಬ್ಯಾಡ ಎಂದಾಗಿತ್ತು. ಹಾಗಾಗಿ ಅನ್ನುವಂತಿಲ್ಲ, ಅನ್ನದೆ ಸುರಿಯಲು ಆ ಮುದುಕಿಗೆ ಮನಸ್ಸಿಲ್ಲ, ಸುರಿಯದೆ ಕೂಸನ್ನು ಎತ್ತುವಂತಿಲ್ಲ. ಕೂಸು ಹಸಿ ಮೈಯಲ್ಲಿ ಕಿರುಚುತ್ತಿತ್ತು.

"ಹೋಗಿ ಅಕಿನ್ನ ಕರ್ಕಂಡ್ ಬಾ ರೇವತಿ. ಈ ತಂಬಿಗಿ ಅಕಿದು," ಎಂದಳು ಕೊಟ್ರವ್ವ.

"ನಾನು ಹೋಗ್ತೀನಿ," ಎಂದು ರಶ್ಮಿತಾ ಹೊರಟಳು.

"ನೀ ಅಲ್ಲ. ಬ್ಯಾಡ ಅಂದಾಕಿ ಹೋಗ್ಲಿ."

ರೇವತಿ ಟವೆಲನ್ನು ನನ್ನ ಕೈಗಿಟ್ಟು ಚಪ್ಪಲಿಯಿಲ್ಲದೆ ಹೋದಳು. ಅಲ್ಲಿ ಏನು ಮಾತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳಿದರೆ ಇಬ್ಬರೂ ಹೇಳುವುದಿಲ್ಲ. ತಮಾರಾ ಬರುವಾಗ ಅವಳ ಬೆರಳುಗಳಿಗೆ ರೊಟ್ಟಿಯ ಹಿಟ್ಟು ಮೆತ್ತಿತ್ತು. ಬಂದವಳು ಮೊದಲು ರಶ್ಮಿತಾಳ ಕೆನ್ನೆ ಮುಟ್ಟಿದಳು, ಹಿಟ್ಟು ಹತ್ತಿತು. ಆಮೇಲೆ ಕೈ ತೊಳೆದು, ಸೆರಗು ಸಿಕ್ಕಿಸಿ, ಕೊಟ್ರವ್ವನ ಪಕ್ಕಕ್ಕೆ ಮಣೆ ಹಾಕಿಕೊಂಡು ಕೂತು ಕಾಲು ಚಾಚಿದಳು. ಕೊಟ್ರವ್ವ ಎತ್ತದೆ ಮೆಲ್ಲಗೆ ಜಾರಿಸಿದ ಕೂಸು ಅವಳ ಕಾಲ ಮೇಲೆ ಬಿದ್ದದ್ದೇ ಅಳು ತಗ್ಗಿಸಿತು. ಬಿಸಿನೀರು ಬೆರೆಸಿ ತಂಬಿಗೆ ತುಂಬಿದಳು, ಮೂರು ಸಲ ನಿವಾಳಿಸಿದಳು, ಅಲ್ಲಿಗೆ ಕೈ ತಡೆದಳು.

"ಹೇಳ್ಲಾ ರೇವತಿ, ಬ್ಯಾಡವಾ?" ಎಂದು ಕೇಳಿದಳು.

ರೇವತಿ ಮಗಳನ್ನು ನೋಡಿದಳು, ಕೂಸನ್ನು ನೋಡಿದಳು. ಆಮೇಲೆ ಬಗ್ಗಿ ತಮಾರಾಳ ಕೈಯಲ್ಲಿದ್ದ ತಂಬಿಗೆಗೆ ತನ್ನದೂ ಒಂದು ಕೈ ಕೊಟ್ಟು, "ಗೂಸ್ಯಾ ವದಾ," ಎಂದು ತಾನೇ ಅಂದಳು. ಇಬ್ಬರೂ ಸೇರಿ ನೀರು ಸುರಿದರು.

"ನಿಮ್ಮಕ್ಕನ ಫೋನ್ ಬಂತೇನ್ರಿ?" ಎಂದು ರೇವತಿ ಕೇಳಿದಳು.

ಇಲ್ಲ ಎಂದು ತಲೆಯಾಡಿಸಿ, ತಮಾರಾ ಕೂಸನ್ನು ಟವೆಲಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟಳು.