ಬೈಗುಳವಿಲ್ಲದ ಕಾಗದ

ಆಳಂದದಲ್ಲಿ ನನ್ನ ಮೊದಲ ಬೆಳಗು ಚಪ್ಪಾಳೆಯಿಂದ ಆಯಿತು. ಇಷ್ಟು ಹೊತ್ತಿಗೇ ಯಾರಿಗೆ ಸನ್ಮಾನವೆಂದು ಕದ ತೆರೆದರೆ, ಓಣಿಯ ಮನೆಮನೆಯಲ್ಲೂ ಹೆಂಗಸರು ಜೋಳದ ರೊಟ್ಟಿ ಬಡಿಯುತ್ತಿದ್ದರು. ನಮ್ಮ ಮೈಸೂರಿನಲ್ಲಿ ಬೆಳಗೆಂದರೆ ಕಾಫಿಬೀಜ ಹುರಿಯುವ ವಾಸನೆ, ಇಲ್ಲಿ ಅದೊಂದು ಸದ್ದು. ಆಮೇಲೆ ದಿನವೂ ಅರೆನಿದ್ದೆಯಲ್ಲಿ ಆ ಸದ್ದಿನೊಳಗೇ ತೇಲುತ್ತ, ಯಾವ ಊರಲ್ಲಿದ್ದೇನೆಂದು ತಿಳಿಯದೆ ಎಷ್ಟೋ ಹೊತ್ತು ಮಲಗಿರುತ್ತಿದ್ದೆ.

ನನ್ನವರಿಗೆ ನಿಜಾಮರ ಸೀಮೆಯ ಹತ್ತಿ ಕಾರ್ಖಾನೆಯಲ್ಲಿ ಕೆಲಸ; ಮದುವೆಯಾಗಿ ನೇರ ಇಲ್ಲಿಗೇ ಬಂದಿದ್ದೆ. ಮನೆಗೆ ಹೆಂಚಿಲ್ಲ, ಮಣ್ಣಿನ ಮಾಳಿಗೆ. ಕಿಟಕಿಯಿಲ್ಲ, ನೆತ್ತಿಯ ಮೇಲೊಂದು ಬೆಳಕಿಂಡಿ. ಕನ್ನಡದವಳೆಂಬ ನನ್ನ ಜಂಬ ವಾರದೊಳಗೇ ಇಳಿಯಿತು. ಇಲ್ಲಿ ಸುದ್ದಿಗೆ ಖಬರು, ಕಾಗದಕ್ಕೆ ಖತ್ತು. ಸೊಪ್ಪು ಕೇಳಿದರೆ, “ತಪ್ಪಲ ಅನ್ರಿ” ಎಂದು ನಗುತ್ತಿದ್ದರು.

ಉಳಿದಿದ್ದ ಒಂದೇ ಹೆಮ್ಮೆ ನನ್ನ ಅಕ್ಷರ. ಮುತ್ತು ಪೋಣಿಸಿದ ಹಾಗೆ ಬರೆಯುತ್ತೇನೆಂದು ತವರಲ್ಲಿ ಹೆಸರಿತ್ತು. ಅದನ್ನು ಹೇಗೋ ತಿಳಿದು ಪಕ್ಕದ ಮನೆಯ ಸಿದ್ದವ್ವ ಬಂದಳು. ತುಂಬು ಬಸುರಿ, ಚೊಚ್ಚಲು. ಗಂಡ ಮಲ್ಲಪ್ಪ ಸೊಲ್ಲಾಪುರದ ಗಿರಣಿಯಲ್ಲಿದ್ದ.

“ಹಡಿಯೂದ್ರಾಗ ಬಾ ಅಂತ ಬರೀರಿ ಅಕ್ಕಾರ. ಅವ ಇಲ್ಲಂದ್ರ ಅಂಜಿಕಿ ಬರ್ತೈತ್ರಿ.”

ನಾನು “ಪ್ರಾಣಕಾಂತರ ಪಾದಾರವಿಂದಗಳಲ್ಲಿ” ಎಂದು ಶುರು ಮಾಡಿದೆ. ಅಂಚಿಗೊಂದು ಬಳ್ಳಿ ಬಿಡಿಸಿದೆ. ಬೆಳಕಿಂಡಿಯ ಬಿಸಿಲು ಜರುಗಿದಂತೆ ನಾವೂ ಚಾಪೆಯೊಡನೆ ಜರುಗಿದೆವು. ಓದಿ ಹೇಳಿದಾಗ ಸಿದ್ದವ್ವ ಬಾಯಿ ತೆರೆದು ಕೇಳಿದಳು.

ಹತ್ತು ದಿನಕ್ಕೆ ಯಾರ ಕೈಲೋ ಬರೆಸಿದ ಉತ್ತರ ಬಂತು. “ಇದು ನನ್ನ ಹೇಂತಿ ಖತ್ತಲ್ಲ. ಆಕಿ ಬೈಯದ ಮಾತಾಡಂಗಿಲ್ಲ. ಇದರಾಗ ಒಂದು ಬೈಗಳಾನೂ ಇಲ್ಲ. ಯಾರೋ ಚೇಷ್ಟಿ ಮಾಡಾಕತ್ತೀರಿ. ನಾ ಬರಂಗಿಲ್ಲ.”

ಸಿದ್ದವ್ವ ಸೆರಗಿನಲ್ಲಿ ಮುಖ ಮುಚ್ಚಿದಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ನನ್ನ ಚೆಂದದ ಅಕ್ಷರ ಅವಳನ್ನೇ ಅಳಿಸಿಹಾಕಿತ್ತು.

“ನೀ ಬೈಯವ್ವ, ನಾನು ಬರೆಯುತ್ತೇನೆ” ಎಂದೆ.

“ಏ ಮೂಳಾ, ಹೇಂತಿಗೆ ದಿನ ತುಂಬ್ಯಾವ ಅನ್ನೂ ಖಬರ ಐತೇನು ನಿನಗ? ಗಿರಣ್ಯಾಗ ನೂಲಿನ ಕೂಡ ಸಂಸಾರ ಮಾಡಾಕತ್ತಿಯೇನು?”

ಅವಳ ವೇಗಕ್ಕೆ ಓಡಿ ನನ್ನ ಅಕ್ಷರಗಳು ಒಂದರ ಮೇಲೊಂದು ಬಿದ್ದವು, ಮಸಿ ಚೆಲ್ಲಿತು. ಅಷ್ಟಾದರೂ ಗಂಡ ನಂಬುತ್ತಾನೆಂದು ಅವಳಿಗೆ ಧೈರ್ಯ ಬರಲಿಲ್ಲ. ಲೇಖನಿ ಕಸಿದುಕೊಂಡು, ಬಳೆ ಸರಿಸಿ, ಮುಂಗೈ ಮೇಲಿನ ಹಚ್ಚೆಯನ್ನು ನೋಡಿ ನೋಡಿ ಕಾಗದದ ಕೆಳಗೆ ಇಳಿಸತೊಡಗಿದಳು. ಐದು ಚುಕ್ಕೆ, ಸುತ್ತ ತಿರುಗುವ ಎಳೆ. ಅವಳು ಎಂದೂ ಲೇಖನಿ ಹಿಡಿದವಳಲ್ಲ. ಅಷ್ಟು ಸುಂದರವಾದ ಕಾಗದವನ್ನು ನಾನು ಮತ್ತೆ ಕಂಡಿಲ್ಲ.

ವಾರದೊಳಗೆ ಮಲ್ಲಪ್ಪ ಬಂದ. ಮಗು ಹುಟ್ಟಿದ ದಿನವೂ ಆ ಕಾಗದ ಅವನ ಅಂಗಿಯ ಜೇಬಿನಲ್ಲಿತ್ತು.

ಆಮೇಲೆ ಓಣಿಯವರೆಲ್ಲ ಬಂದರು. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದೆ. ಆರು ವರ್ಷ ಕನಸಿನ ಹಾಗೆ ಸರಿದವು. ಮೊನ್ನೆ ನನ್ನ ಕಾಗದಕ್ಕೆ ಅಮ್ಮನ ಉತ್ತರ ಬಂತು. “ಅಕ್ಷರ ನಿನ್ನದೇ, ಮಾತು ಯಾರದಮ್ಮಾ? ಹುಷಾರಾಗಿದ್ದೀಯ ತಾನೇ?”

ಉತ್ತರ ಬರೆಯಲು ಕೂತೆ. ಕ್ಷೇಮ ಎಂದು ಬರೆದು ಹೊಡೆದುಹಾಕಿದೆ. ಇಷ್ಟು ವರ್ಷ ಎದೆಯಲ್ಲೇ ಇಟ್ಟುಕೊಂಡಿದ್ದ ಒಂದೇ ಒಂದು ಬೈಗುಳ ಆಗ ಕೈಗೆ ಇಳಿದುಬಂತು: “ನನ್ನ ಇಷ್ಟು ದೂರ ಯಾಕ ಕೊಟ್ಟಿ ಅವ್ವಾ?”

ಬರೆದ ಮೇಲೆ ಓದಿಕೊಂಡೆ. ಅದೂ ಆಳಂದದ ಮಾತಿನಲ್ಲೇ ಇತ್ತು.