ಲೂರ್ದಮ್ಮನ ಪಾಷಂಡಿ ಸೊಸೆ

ಕರುಣಮ್ಮ ಹಿರಿಯೂರಿನ ಪ್ರಾಟೆಸ್ಟೆಂಟ್ ಉಪದೇಶಿಯೊಬ್ಬರ ಮಗಳು. ಮಾರಿಕಣಿವೆ ನಾಲೆಯ ನೀರುಗಂಟಿ ಚೌರಪ್ಪ ಕಥೋಲಿಕ. ಸ್ವಾತಂತ್ರ್ಯ ಬಂದ ನಾಲ್ಕೈದು ವರ್ಷಕ್ಕೆ ಇವರಿಬ್ಬರೂ ಮದುವೆಯಾಗುತ್ತೇವೆಂದು ಹಟ ಹಿಡಿದಾಗ ಎರಡೂ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಕಥೋಲಿಕ ಗುರುಗಳು ಕರುಣಮ್ಮನನ್ನು ಕರೆಸಿ ಹೇಳಿದರು: "ನಿನ್ನ ಮತ ಬಿಟ್ಟು ಬಂದರೆ ಚರ್ಚಿನೊಳಗೆ ಮದುವೆ. ಬಿಡದಿದ್ದರೆ ನನ್ನ ಮನೆ ಪಡಸಾಲೆಯಲ್ಲಿ. ಹುಟ್ಟೋ ಮಕ್ಕಳು ಮಾತ್ರ ನಮ್ಮವರಾಗಿಯೇ ಬೆಳೀಬೇಕು."

"ಮಕ್ಕಳ ಮಾತು ಒಪ್ಪಿದೆ ಸ್ವಾಮಿ. ನನಗೆ ಪಡಸಾಲೆ ಸಾಕು," ಅಂದಳು ಕರುಣಮ್ಮ.

ಹಾಡಿಲ್ಲದೆ, ಪೂಜೆಯಿಲ್ಲದೆ ಮದುವೆಯಾಯಿತು. ಅತ್ತೆ ಲೂರ್ದಮ್ಮ ಬಾಗಿಲಾಚೆಯೇ ನಿಂತಿದ್ದಳು. ಅಂದಿನಿಂದ ಸೊಸೆಯನ್ನು ಅವಳು ಹೆಸರು ಹಿಡಿದು ಕರೆಯಲಿಲ್ಲ. "ಏ ಪಾಷಂಡಿ, ನೀರು ತಗಂಬಾ" ಅನ್ನುವಳು. ಧರ್ಮಸಭೆಯ ಮಾತು ಮೀರಿದವರು ಪಾಷಂಡಿಗಳು, ಅವರಿಗೆ ಮೋಕ್ಷವಿಲ್ಲ ಎಂದು ಚಿಕ್ಕಂದಿನಲ್ಲಿ ಕಲಿತದ್ದು ಅವಳಲ್ಲಿ ಗಟ್ಟಿಯಾಗಿ ಕೂತಿತ್ತು. ಕರುಣಮ್ಮ ಎದುರಾಡುತ್ತಿರಲಿಲ್ಲ, ಬಗ್ಗುತ್ತಲೂ ಇರಲಿಲ್ಲ. ಭಾನುವಾರ ಹಳ್ಳಿಯಿಂದ ಹೋಗಿ ಹಿರಿಯೂರಿನಲ್ಲಿ ಬಸ್ಸಿಳಿದು, ಇಬ್ಬರು ಹೆಣ್ಣುಮಕ್ಕಳನ್ನು ಗಂಡನ ಜೊತೆ ಕಥೋಲಿಕ ಚರ್ಚಿನ ಬಾಗಿಲಲ್ಲಿ ಬಿಟ್ಟು, ತಾನು ಮುಂದಿನ ಬೀದಿಯ ತನ್ನ ಚರ್ಚಿಗೆ ನಡೆಯುವಳು.

ಒಂದು ಮಳೆಗಾಲ ಲೂರ್ದಮ್ಮ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಮತ್ತೆ ಏಳಲಿಲ್ಲ. ಮೈ ಒರೆಸುವುದು, ಮಗ್ಗುಲು ಹೊರಳಿಸುವುದು, ಗಂಜಿ ಕುಡಿಸುವುದು ಎಲ್ಲಾ ಸೊಸೆಯೇ. ಒಂದು ಸಂಜೆ ಮುದುಕಿ ಜಪಸರ ಹಿಡಿದು ನಡುವೆ ತಡವರಿಸಿದಳು.

"ಮರ್ತೋಗ್ತೈತಲ್ಲೇ!" ಎಂದು ಅತ್ತಳು.

"ಹೇಳ್ರಿ ಅತ್ತೆ, ಮರ್ತ ಕಡೆ ನಾನು ಎತ್ತಿಕೊಡ್ತೀನಿ. ಇದು ನಿಮ್ಮ ಜಪ, ನಂದಲ್ಲ," ಅಂದಳು ಕರುಣಮ್ಮ. ಅಂದಿನಿಂದ ದಿನವೂ ಎತ್ತಿಕೊಟ್ಟಳು.

ಹಾಸಿಗೆ ಹಿಡಿದವಳಿಗೆ ಪರಮಪ್ರಸಾದ ಕೊಡಲು ಗುರುಗಳು ಮನೆಗೆ ಬಂದಾಗ ಲೂರ್ದಮ್ಮ ಅವರ ಕೈ ಹಿಡಿದಳು. "ಸ್ವಾಮಿ, ಖರೆ ಹೇಳ್ರಿ. ಇವಳು ನರಕಕ್ಕೆ ಹೋಗ್ತಾಳಾ?"

ಗುರುಗಳು ಅವಳ ಪಕ್ಕ ಕೂತರು. "ಇಲ್ಲಮ್ಮ. ತಿಳಿದೂ ತಿಳಿದೂ ಸತ್ಯಕ್ಕೆ ಬೆನ್ನು ತಿರುಗಿಸಿದವರು ಪಾಷಂಡಿಗಳು. ಇವಳು ಹುಟ್ಟಿದ್ದೇ ಆ ಮನೇಲಿ. ಗೊತ್ತಿಲ್ಲದೆ ಅಲ್ಲೇ ಉಳಿದಿದ್ದಾಳೆ, ಅದು ಇವಳ ತಪ್ಪಲ್ಲ."

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಕರುಣಮ್ಮ ತಲೆಯೆತ್ತಿದಳು.

"ಗೊತ್ತಿಲ್ಲದೆ ಅಲ್ಲ ಸ್ವಾಮಿ. ನಿಮ್ಮ ಧರ್ಮೋಪದೇಶದ ಪುಸ್ತಕಾನ ಮಕ್ಕಳಿಗೆ ನಾನೇ ಬಾಯಿಪಾಠ ಮಾಡ್ಸಿದೀನಿ. ತಿಳಿದೇ ನಮ್ಮಪ್ಪನ ದಾರೀಲಿ ಇದೀನಿ. ಅದಕ್ಕೆ ಪಾಷಂಡಿ ಅನ್ನೋದಾದ್ರೆ ಅನ್ರಿ. ಗೊತ್ತಿಲ್ಲದೋಳು ಅಂತ ಮಾತ್ರ ಬಿಟ್ಟುಬಿಡಬ್ಯಾಡ್ರಿ."

ಲೂರ್ದಮ್ಮನೇ ಬಾಯಿಬಿಟ್ಟಳು: "ಒಂದು ಸುಳ್ಳು ಹೇಳಿದ್ರೆ ತಪ್ಪಿಸ್ಕಬೋದಿತ್ತು, ಹೇಳ್ಲಿಲ್ಲ ನೋಡ್ರಿ. ಕರುಣೀ, ಬಾ ಇಲ್ಲಿ, ನನ್ನ ಎತ್ತಿ ಕೂರ್ಸು."

ಬಂದ ಸುಗ್ಗಿಯ ಹೊತ್ತಿಗೆ ಮುದುಕಿ ಸೊಸೆಯ ತೋಳಿನಲ್ಲೇ ಪ್ರಾಣ ಬಿಟ್ಟಳು.

ಕೆಲವು ವರ್ಷಗಳ ಮೇಲೆ ರೋಮಿನಲ್ಲಿ ಕಥೋಲಿಕ ಧರ್ಮಾಧ್ಯಕ್ಷರ ಮಹಾಸಭೆ ನಡೆಯಿತು. ಹಿರಿಯೂರಿಗೆ ಹೊಸದಾಗಿ ಬಂದ ಗುರುಗಳು ಕರುಣಮ್ಮನ ಮನೆಗೇ ಬಂದು, "ಈಗ ನಿಮ್ಮನ್ನ ಪಾಷಂಡಿಗಳು ಅನ್ನಲ್ಲಮ್ಮ, ಬೇರ್ಪಟ್ಟ ಸಹೋದರರು ಅಂತೀವಿ," ಎಂದು ಸಂತೋಷದಿಂದ ಹೇಳಿದರು.

"ಒಳ್ಳೇದಾಯ್ತು ಸ್ವಾಮಿ, ಕುಂತ್ಕಳ್ರಿ," ಎಂದು ಚಾಪೆ ಹಾಸಿದಳು ಕರುಣಮ್ಮ. ದೊಡ್ಡ ಮಗಳಿಗೆ ಧರ್ಮೋಪದೇಶ ಗಟ್ಟಿಯಾಗಿದೆ, ಚಿಕ್ಕವಳಿಗೆ ಇನ್ನೂ ಸರಿಯಾಗಿ ಬಂದಿಲ್ಲ, ಸ್ವಲ್ಪ ಬಿಗಿಯಾಗಿ ಕಲಿಸಬೇಕು ಎಂದು ಕೇಳಿಕೊಂಡಳು.